ಮೂರನೇ ವ್ಯಕ್ತಿಯ ಆಕ್ಷೇಪಣೆ

ಕಡ್ಡಿ ಬರೆದ ಮೊದಲ ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: "ನನ್ನ ಅಪ್ಪನನ್ನು ಯಾಕೆ ಕೊಂದಿರಿ?"

ನೀರು ಸರಬರಾಜು ಕಚೇರಿಯ ಕಿಟಕಿಯೊಳಗೆ ಕೂತಿದ್ದ ಗುಮಾಸ್ತ ಅದನ್ನು ಓದಿದ, ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಓದಿದ. ಆಮೇಲೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ದನಿಯಲ್ಲಿ ಹೇಳಿದ:

"ಯಾಕೆ ಅಂತ ಕೇಳೋ ಹಾಗಿಲ್ಲಮ್ಮ. ಮಾಹಿತಿ ಹಕ್ಕಿನಲ್ಲಿ ಯಾಕೆ ಅನ್ನೋದು ಬರಲ್ಲ. ಕಚೇರಿಯಲ್ಲಿ ಇರೋ ಕಾಗದ ಕೇಳಿ, ಪ್ರತಿ ಮಾಡಿ ಕೊಡ್ತೀವಿ. ಇಲ್ಲದ್ದನ್ನ ನಾವು ಹುಟ್ಟಿಸಿ ಕೊಡೋಕಾಗಲ್ಲ."

"ಕೊಂದಿರೋದಂತೂ ಇದೆಯಲ್ಲ?"

"ಅದು ಕಾಗದದಲ್ಲಿ ಇದೆಯಾ?"

ಕಡ್ಡಿಗೆ ಮೈಯೆಲ್ಲ ಉರಿದುಹೋಯಿತು. ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಗುಮಾಸ್ತನ ಕಾಲರ್ ಹಿಡಿಯಬಹುದಿತ್ತು. ಅವಳ ಕೈ ಅಷ್ಟು ಸಣ್ಣಗಿತ್ತು. ಆದರೆ ಅವಳು ಹೊರಗೆ ನಿಲ್ಲಿಸಿ ಬಂದಿದ್ದ ಸ್ಕೂಲ್ ವ್ಯಾನಿನ ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಅರ್ಜಿಯನ್ನು ಮಡಚಿಕೊಂಡು ಬಂದಳು.

ಕಡ್ಡಿ ಅನ್ನುವುದು ಅಮ್ಮ ಕರೆಯುವ ಹೆಸರು. ಮೈ ನೋಡಿ ಇಟ್ಟದ್ದೆಂದು ಊರು ತಿಳಿದುಕೊಂಡಿತ್ತು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆ, ಇವಳನ್ನು ಯಾರು ಸಹಿಸಿಕೊಳ್ಳುತ್ತಾರೋ ಎಂಬ ಚಿಂತೆಯಲ್ಲಿ ಅಮ್ಮ ಇಟ್ಟ ಹೆಸರು ಅದು. ಯಾರೂ ಸಹಿಸಿಕೊಳ್ಳಬೇಕಾಗಿ ಬರಲಿಲ್ಲ. ಅವಳು ವ್ಯಾನಿನ ಲೈಸೆನ್ಸ್ ಮಾಡಿಸಿಕೊಂಡು, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ವಾಪಸ್ ಕರೆತರುವ ಕೆಲಸ ಹಿಡಿದಳು. ನಡುವೆ ಇಡೀ ಹಗಲು ಅವಳದೇ. ಸರ್ಕಾರಿ ಕಚೇರಿಗಳು ತೆರೆದಿರುವುದೂ ಆ ಹೊತ್ತಿನಲ್ಲೇ. ನೀರು ಸರಬರಾಜು ಕಚೇರಿಯ ಇಂಜಿನಿಯರನ ದುರದೃಷ್ಟ ಅಲ್ಲಿಂದ ಶುರುವಾಯಿತು ಅನ್ನಬೇಕು.

ಇಂಜಿನಿಯರನನ್ನು ಬಹುವಚನದಲ್ಲಿ ಕರೆಯುವಷ್ಟು ದಾಕ್ಷಿಣ್ಯ ಈ ಕಥೆಗಿಲ್ಲ. ನಡೆದದ್ದನ್ನು ಕೇಳಿದರೆ ನಿಮಗೂ ಇರುವುದಿಲ್ಲ.

ಕಡ್ಡಿಯ ಅಪ್ಪ ನೀರುಗಂಟಿ. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹೋಗಿ, ರಸ್ತೆಯ ಗುಂಡಿಯ ಮುಚ್ಚಳ ಎತ್ತಿ, ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವ ಕೆಲಸ. ಒಮ್ಮೆ ಹಿಂದಿನ ಬೀದಿಯಲ್ಲಿ ಚರಂಡಿ ರಿಪೇರಿಗೆಂದು ಅಗೆದವರು ಕುಡಿಯುವ ನೀರಿನ ಪೈಪನ್ನೂ ಒಡೆದರು. ಅದನ್ನು ಜೋಡಿಸಿದ ಮೇಲೆ, ಒಳಗೆ ಸೇರಿದ ಕೊಳಕನ್ನೆಲ್ಲ ಹೊರಗೆ ಹರಿಸಿ, ಪೈಪು ತೊಳೆದು, ಆಮೇಲೆ ಮನೆಗಳಿಗೆ ನೀರು ಬಿಡಬೇಕು. ನೀರು ಬಾರದೆ ಜನ ರೇಗಿದ್ದರು. ಬೆಳಗ್ಗೆ ಇಂಜಿನಿಯರ್ ಅಪ್ಪನಿಗೆ ಫೋನ್ ಮಾಡಿ ಬಿಡು ಅಂದ. ಇನ್ನೂ ತೊಳೆದಿಲ್ಲ ಸಾರ್ ಅಂತ ಅಪ್ಪ ಅಂದರು. ಬಿಡು ಅಂದರೆ ಬಿಡಯ್ಯ ಅಂದ. ಅಪ್ಪ ಬಿಟ್ಟರು.

ಆ ಬೀದಿಯಲ್ಲಿ ಮನೆಮನೆಯಲ್ಲೂ ವಾಂತಿಭೇದಿ. ಮೂಲೆಮನೆಯ ಹೆಣ್ಣುಮಗು ಉಳಿಯಲಿಲ್ಲ. ಸಂಜೆಯಾಗುವಷ್ಟರಲ್ಲಿ ಇಂಜಿನಿಯರ್ ಎಲ್ಲವನ್ನೂ ಅಪ್ಪನ ತಲೆಗೆ ಕಟ್ಟಿ, "ನೀರುಗಂಟಿಯು ಅನುಮತಿಯಿಲ್ಲದೆ ನೀರು ಬಿಟ್ಟಿರುತ್ತಾನೆ" ಎಂದು ಬರೆದು ಅಮಾನತು ಮಾಡಿಸಿದ. ಮರುದಿನ ಅಪ್ಪ ಆ ಮನೆಗೆ ಹೋಗಿ ಬಾಗಿಲಲ್ಲಿ ನಿಂತಾಗ, ಮಗು ಕಳೆದುಕೊಂಡ ತಾಯಿ ಕಾಲಿನ ಚಪ್ಪಲಿ ತೆಗೆದು ಎಸೆದಳು. ಅದು ಅಪ್ಪನ ಎದೆಗೆ ಬಿತ್ತು. ಬೀದಿಯೆಲ್ಲ ನೋಡಿತು, ಯಾರೂ ಬೇಡ ಅನ್ನಲಿಲ್ಲ.

ಅಪ್ಪ ಕಚೇರಿಗೆ ಒಂದು ವಿವರಣೆ ಬರೆದುಕೊಟ್ಟರು. "ಎಲ್ಲಾ ಬರೆದುಕೊಟ್ಟಿದ್ದೀನಿ, ಫೋನ್ ಬಂದದ್ದೂ ಬರೆದಿದ್ದೀನಿ. ಓದ್ತಾರೆ," ಅನ್ನುತ್ತಿದ್ದರು. ಆ ಓದ್ತಾರೆ ಅನ್ನುವ ಮಾತನ್ನು ನೆಚ್ಚಿಕೊಂಡು ಮನೆಯ ಹೊರಗೆ ಕಾಲಿಡದೆ ವರ್ಷ ಕಳೆದರು. ಒಂದು ಬೆಳಗ್ಗೆ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಕಡ್ಡಿ ಅಂದಿನಿಂದ ಇಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಒಬ್ಬ ಇಂಜಿನಿಯರ್. ಇನ್ನೊಬ್ಬಳು ಮೂಲೆಮನೆಯವಳು. ಅವನ ಬಾಯಿಂದ ನಿಜ ಬರಬೇಕು, ಅದನ್ನು ಅವಳು ಓದಬೇಕು, ಓದಿ ಅಮ್ಮನ ಮುಂದೆ ತಲೆ ತಗ್ಗಿಸಬೇಕು. ಅಪ್ಪನಿಗೆ ಬಿದ್ದ ಆ ಏಟಿನ ಲೆಕ್ಕ ಅಲ್ಲಿಗೆ ಚುಕ್ತಾ. ವ್ಯಾನ್ ಓಡಿಸುವಾಗ, ಹಲ್ಲುಜ್ಜುವಾಗ, ಅಮ್ಮ ಏನೋ ಹೇಳುತ್ತಿರುವಾಗ ಕೂಡ ಅವಳ ತಲೆಯಲ್ಲಿ ಇದೇ ತಿರುಗುತ್ತಿತ್ತು.

ಕಚೇರಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅದರ ಮಾಲೀಕ ಎಲ್ಲರಿಗೂ ಜೆರಾಕ್ಸ್ ಅಣ್ಣ. ಕಡ್ಡಿಯ ಮೊದಲ ಅರ್ಜಿ ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ಅರ್ಜಿಯಲ್ಲ ತಂಗಿ, ಜಗಳ. ಜಗಳಕ್ಕೆ ಅವರು ಉತ್ತರ ಕೊಡಲ್ಲ. ಬರಿ: ಇಂಥವರ ಅಮಾನತಿಗೆ ಸಂಬಂಧಪಟ್ಟ ಕಡತದ ಎಲ್ಲಾ ಹಾಳೆಗಳ ದೃಢೀಕೃತ ಪ್ರತಿ ಕೊಡಿ. ಜೊತೆಗೆ ಕಡತವನ್ನು ಖುದ್ದು ನೋಡೋಕೆ ಅವಕಾಶ ಕೊಡಿ. ಕೊನೆಗೆ ಹೆಸರು, ವಿಳಾಸ, ಸಹಿ. ಯಾಕೆ ಬೇಕು ಅಂತ ನೀನು ಹೇಳಬೇಕಾಗಿಲ್ಲ. ಅವರು ಕೇಳೋ ಹಾಗೂ ಇಲ್ಲ."

"ಅವರೂ ಯಾಕೆ ಅಂತ ಕೇಳೋ ಹಾಗಿಲ್ವಾ?"

"ಇಲ್ಲ."

ಇದು ಕಡ್ಡಿಗೆ ಬಹಳ ಹಿಡಿಸಿತು. ತನಗೆ ಮುಚ್ಚಿದ ಬಾಗಿಲು ಅವರಿಗೂ ಮುಚ್ಚಿದೆ ಎಂದು ಗೊತ್ತಾಗಿ ಅಪ್ಪ ಹೋದ ಮೇಲೆ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕಳು. ಅರ್ಜಿ ಬರೆದು, ಶುಲ್ಕ ಕಟ್ಟಿ, ಗುಮಾಸ್ತನ ಕೈಯಲ್ಲಿ ಮೊಹರು ಒತ್ತಿಸಿಕೊಂಡು ಸ್ವೀಕೃತಿ ತಗೊಂಡಳು.

ಕಡತದ ಉತ್ತರಕ್ಕೆ ಕಾನೂನು ಒಂದು ಗಡುವು ಕೊಟ್ಟಿದೆ. ಅಲ್ಲಿಯವರೆಗೆ ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ, ಕೈ ತೊಳೆದುಕೊಂಡು ಇಂಜಿನಿಯರನ ಬೆನ್ನು ಹತ್ತಿದಳು. ಕಚೇರಿಯ ಜೀಪು ಯಾವ ಯಾವ ದಿನ ಎಲ್ಲೆಲ್ಲಿಗೆ ಹೋಯಿತು, ಅದರ ಪುಸ್ತಕದ ಪ್ರತಿ ಕೊಡಿ. ಜೀಪು ಭಾನುವಾರಗಳಂದು ಇಂಜಿನಿಯರನ ಮಾವನ ಮನೆಯ ದಿಕ್ಕಿಗೇ ನೀರಿನ ಟ್ಯಾಂಕು ಪರಿಶೀಲಿಸಲು ಹೋಗುತ್ತಿತ್ತು. ಅವನು ವಾಸವಿರುವ ಮನೆಯ ನಲ್ಲಿ ಸಂಪರ್ಕದ ಮಂಜೂರಾತಿ ಪತ್ರ ಕೊಡಿ. ಅವನ ಮನೆಗೆ ಒಂದು ನಲ್ಲಿ ಮಂಜೂರಾಗಿತ್ತು, ಮೂರು ಹರಿಯುತ್ತಿದ್ದವು. ಒಂದೊಂದು ಉತ್ತರ ಬಂದಾಗಲೂ ಅವನ ಮೇಲಧಿಕಾರಿ ಅವನನ್ನು ಒಳಗೆ ಕರೆಯುತ್ತಿದ್ದರು. ಹೊರಗೆ ಬರುವಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಕಡ್ಡಿ ವ್ಯಾನಿನ ಕಿಟಕಿಯಿಂದ ಅದನ್ನು ಕಣ್ತುಂಬ ನೋಡುತ್ತಿದ್ದಳು. ಪಾಪ ಅನ್ನಿಸಿತೇ ಎಂದರೆ ಇಲ್ಲ. ಒಂದು ಚೂರೂ ಇಲ್ಲ.

ಅವನಿಗೆ ಬಡ್ತಿ ಹತ್ತಿರ ಬಂದಿತ್ತು. ಅದು ಕಡ್ಡಿಗೂ ಗೊತ್ತಿತ್ತು. ಬಡ್ತಿ ಪಟ್ಟಿಯ ಪ್ರತಿಯನ್ನೂ ಅವಳು ಕೇಳಿ ತರಿಸಿಕೊಂಡಿದ್ದಳು.

ಗಡುವು ಮುಗಿಯುವ ಮುಂಚೆ ಮನೆಗೆ ಒಂದು ರಿಜಿಸ್ಟರ್ ಕಾಗದ ಬಂತು. ಅಮ್ಮ ಸಹಿ ಹಾಕಿ ತಗೊಂಡಿದ್ದರು. ಸಂಜೆ ಕಡ್ಡಿ ಒಳಗೆ ಬಂದಾಗ ಅಮ್ಮ ಆ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು.

"ನಿಮ್ಮಪ್ಪನಿಗೆ ಬಂದಿದೆ," ಅಂದರು.

ಕಡ್ಡಿ ಬಿಡಿಸಿ ಓದಿದಳು. "ತಮಗೆ ಸಂಬಂಧಿಸಿದ ಮಾಹಿತಿಯನ್ನು ಒಬ್ಬ ಅರ್ಜಿದಾರರು ಕೋರಿರುತ್ತಾರೆ. ಮೂರನೇ ವ್ಯಕ್ತಿಯಾದ ತಾವು ಈ ಮಾಹಿತಿಯನ್ನು ನೀಡಲು ಆಕ್ಷೇಪಣೆ ಇದ್ದಲ್ಲಿ, ಕಾರಣಗಳ ಸಹಿತ ಲಿಖಿತವಾಗಿ ತಿಳಿಸತಕ್ಕದ್ದು."

ಒಬ್ಬರು ಇನ್ನೊಬ್ಬರ ಬಗ್ಗೆ ಮಾಹಿತಿ ಕೇಳಿದರೆ, ಕೊಡುವ ಮೊದಲು ಆ ಇನ್ನೊಬ್ಬರನ್ನು ಒಂದು ಮಾತು ಕೇಳಬೇಕು ಎಂಬುದು ನಿಯಮ. ಕಚೇರಿಯವರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಕಡತದಲ್ಲಿ ಯಾರ ಯಾರ ಹೆಸರಿತ್ತೋ ಅವರಿಗೆಲ್ಲ ಕಾಗದ ಹೋಗಿತ್ತು. ಅದರಲ್ಲಿ ಒಬ್ಬರು ಸತ್ತಿದ್ದಾರೆ ಎಂದು ನೋಡುವುದು ಯಾರ ಮೇಜಿನ ಕೆಲಸವೂ ಆಗಿರಲಿಲ್ಲ.

ಕಡ್ಡಿ ಕೆಂಡವಾದಳು. "ಸತ್ತವರನ್ನ ಕೇಳ್ತಾರಂತೆ! ಬದುಕಿದ್ದಾಗ ಒಂದು ದಿನ ಕರೆದು ಕೇಳಿದ್ರಾ? ಅವರ ಮುಖಕ್ಕೆ ಎಸೆದು ಬರ್ತೀನಿ ಇದನ್ನ."

"ಎಸೀಬೇಡ," ಅಮ್ಮ ಅಂದರು. "ಕಾಗದ ಬಂದ ಮೇಲೆ ಉತ್ತರ ಬರೀಬೇಕು. ನಿಮ್ಮಪ್ಪ ಹಾಗೇ ಮಾಡ್ತಿದ್ದದ್ದು."

ಅಮ್ಮ ತಾವೇ ಬರೆದರು. ದೊಡ್ಡ ದೊಡ್ಡ ಅಕ್ಷರ, ಒಂದೊಂದು ಪದಕ್ಕೂ ಒಂದಿಷ್ಟು ಹೊತ್ತು. "ನಿಮ್ಮ ಕಾಗದ ತಲುಪಿತು. ನನ್ನ ಗಂಡ ತೀರಿಕೊಂಡಿದ್ದಾರೆ. ಬದುಕಿದ್ದಾಗಲೂ ಅವರು ಯಾವುದಕ್ಕೂ ಆಕ್ಷೇಪಣೆ ಹೇಳಿದವರಲ್ಲ. ಈಗಲೂ ಇಲ್ಲ. ನನ್ನ ಮಗಳಿಗೆ ಕಡತ ತೋರಿಸಿ." ಅದನ್ನು ಕಡ್ಡಿಯ ಕೈಯಲ್ಲಿ ಕೊಟ್ಟು, ಸ್ವೀಕೃತಿ ತರಬೇಕು ಎಂದು ಮೂರು ಸಲ ಹೇಳಿದರು.

ಕಡತ ನೋಡಲು ಬನ್ನಿ ಎಂಬ ಕರೆ ಬಂದಾಗ ಅಮ್ಮನೂ ಹೊರಟರು. ಅಪ್ಪ ಹೋದ ಮೇಲೆ ಅವರು ಮನೆ ಬಿಟ್ಟು ಎಲ್ಲಿಗೂ ಹೊರಟದ್ದಿಲ್ಲ. ವ್ಯಾನಿನಲ್ಲಿ ಮಕ್ಕಳು ಕೂರುವ ಗಿಡ್ಡ ಸೀಟಿನಲ್ಲಿ ಮಂಡಿ ಮೇಲೆತ್ತಿಕೊಂಡು ಕೂತರು.

ಮಾಹಿತಿ ಅಧಿಕಾರಿ ಒಬ್ಬ ಹೆಂಗಸು. ಕಚೇರಿಯೆಲ್ಲ ಅವರನ್ನು ಮೇಡಂ ಅನ್ನುತ್ತಿತ್ತು, ಹಿಂದಿನಿಂದ ಗೋಡೆ ಅನ್ನುತ್ತಿತ್ತು. ಅವರು ಯಾರ ಪರವೂ ಅಲ್ಲ, ಯಾರ ವಿರುದ್ಧವೂ ಅಲ್ಲ. ನಿಯಮದಲ್ಲಿ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ಅಮ್ಮನನ್ನು ನೋಡಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. "ಆ ಕಾಗದ ಹೋಗಬಾರದಿತ್ತು. ನಮ್ಮ ತಪ್ಪು," ಅಂದರು. ಅಷ್ಟೇ. ಆಮೇಲೆ ಕಡತವನ್ನು ಮೇಜಿನ ಮೇಲಿಟ್ಟರು.

ತೆಳ್ಳಗಿತ್ತು. ಕಡ್ಡಿ ದಾರ ಬಿಚ್ಚಿದಳು. ಅಮಾನತಿನ ಆದೇಶ ಒಂದು ಹಾಳೆ. ಅಪ್ಪನ ಚಿತ್ರ ಹಾಕಿ ಸುದ್ದಿ ಮಾಡಿದ್ದ ಪತ್ರಿಕೆಯ ತುಣುಕು ಒಂದು. ಮುಗಿಯಿತು. ಅಪ್ಪ ಕೈಯಾರೆ ಬರೆದುಕೊಟ್ಟ ವಿವರಣೆ ಇರಲಿಲ್ಲ. ವಿಚಾರಣೆ ನಡೆಸಿದ ಒಂದು ಗುರುತೂ ಇರಲಿಲ್ಲ. ತಿರುವಿ ನೋಡಿದಳು, ರಟ್ಟಿನ ಒಳಗೆ ಕೈ ಹಾಕಿ ನೋಡಿದಳು.

"ಇಲ್ಲಿ ಇನ್ನೊಂದು ಕಾಗದ ಇರಬೇಕು. ನಮ್ಮಪ್ಪ ಬರೆದದ್ದು. ಎಲ್ಲಿ ಹೋಯ್ತು?"

"ಕಡತ ನನ್ನ ಮೇಜಿಗೆ ಬಂದಾಗ ಇಷ್ಟೇ ಇತ್ತು," ಮೇಡಂ ಅಂದರು. "ಅದು ಇಂಜಿನಿಯರ್ ವಿಭಾಗದಿಂದ ಬಂದಿದೆ."

ಆಗಲೇ ಬಾಗಿಲಲ್ಲಿ ಇಂಜಿನಿಯರ್ ಕಾಣಿಸಿಕೊಂಡ. ಕೈಯಲ್ಲಿ ಟೀ ಲೋಟ. ದಾರಿಹೋಕನ ಹಾಗೆ ಒಳಗೆ ಇಣುಕಿ, "ಏನಮ್ಮಾ, ಸಿಕ್ತಾ ಹುಡುಕಿದ್ದು?" ಅಂದ. ಅಮ್ಮನ ಕಡೆ ನೋಡಲಿಲ್ಲ. ಟೀ ಊದಿ ಕುಡಿದು ಹೋದ.

ಕಡ್ಡಿಗೆ ಅಳು ಬಂತು. ಅಳಬಾರದು ಎಂದು ಕೆಳತುಟಿ ಕಚ್ಚಿಕೊಂಡಳು. ಇಷ್ಟು ದಿನ ಅವನ ಬೆವರಿಳಿಸಿದ್ದೆಲ್ಲ ಆಟ. ಬೇಕಾಗಿದ್ದದ್ದು ಈ ಒಂದು ಹಾಳೆ, ಅದನ್ನು ಅವನು ಕಿತ್ತು ಎಸೆದಿದ್ದಾನೆ. ಅಪ್ಪ ವರ್ಷವಿಡೀ ಓದ್ತಾರೆ ಓದ್ತಾರೆ ಎಂದು ಕಾದದ್ದನ್ನು ಓದಿದವನು ಇವನೊಬ್ಬನೇ.

ಅಮ್ಮ ಅಷ್ಟು ಹೊತ್ತೂ ಆ ಎರಡು ಹಾಳೆಗಳನ್ನು ಮುಂದೆ ಹಿಂದೆ ಮಾಡಿ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು:

"ನಾನು ಬರೆದ ಉತ್ತರ ಇದರಲ್ಲಿ ಹಾಕಿಲ್ವಲ್ಲಮ್ಮ?"

"ಅದು ಇದರಲ್ಲಿ ಬರಲ್ಲಮ್ಮ," ಮೇಡಂ ಅಂದರು. "ಮೂರನೇ ವ್ಯಕ್ತಿಗಳ ಉತ್ತರಗಳನ್ನ ನಮ್ಮ ವಿಭಾಗದಲ್ಲೇ ಬೇರೆ ಕಡತ ಮಾಡಿ ಇಡ್ತೀವಿ. ಭದ್ರವಾಗಿದೆ, ಹೆದರಬೇಡಿ."

ಕಡ್ಡಿಯ ಕಿವಿ ನೆಟ್ಟಗಾಯಿತು.

"ಉತ್ತರಗಳು ಅಂದ್ರಲ್ಲ ಮೇಡಂ. ಎಷ್ಟು ಬಂದಿದೆ?"

ಮೇಡಂ ಅವಳನ್ನು ಒಂದು ಗಳಿಗೆ ನೋಡಿದರು. ಅವರ ಮುಖ ಗೋಡೆಯ ಹಾಗೇ ಇತ್ತು.

"ಎರಡು."

"ಇನ್ನೊಂದು ಯಾರದು?"

"ಅದಕ್ಕೆ ಬೇರೆ ಅರ್ಜಿ ಹಾಕಬೇಕು."

ಕಡ್ಡಿ ಅಲ್ಲೇ, ಅದೇ ಮೇಜಿನ ಮೇಲೆ, ಅಮ್ಮನ ಪೆನ್ನು ಇಸಿದುಕೊಂಡು ಬರೆದಳು.

ಇಂಜಿನಿಯರ್ ಮಾಡಿದ ತಪ್ಪು ಏನೆಂದು ಹೇಳಲೇಬೇಕು, ಯಾಕೆಂದರೆ ಹೊರಗಿನವರು ಯಾರೂ ಅಂಥ ತಪ್ಪು ಮಾಡುವುದಿಲ್ಲ. ನಮಗೂ ನಿಮಗೂ ಮುಚ್ಚಿಡಬೇಕಾದ ಸಂಗತಿ ಇದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ. ಅವನು ಕಡತಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವನಿಗೂ ಅಪ್ಪನಿಗೆ ಬಂದಂಥದ್ದೇ ನೋಟೀಸು ಹೋಗಿತ್ತು: ಆಕ್ಷೇಪಣೆ ಇದ್ದರೆ ಕಾರಣಗಳ ಸಹಿತ ತಿಳಿಸಿ. ಕಾರಣ ಕೊಡಿ ಎಂದು ಕಚೇರಿ ಕೇಳಿದರೆ ಕೊಡುವುದು ಅವನ ಮೂಳೆಗೆ ಇಳಿದುಹೋದ ಅಭ್ಯಾಸ. ಕಾರಣ ಗಟ್ಟಿಯಾಗಿದ್ದಷ್ಟೂ ಆಕ್ಷೇಪಣೆ ಗಟ್ಟಿ. ಅದಲ್ಲದೆ, ಕಚೇರಿಗೆ ಬರೆದದ್ದು ಕಚೇರಿಯೊಳಗೇ ಇರುತ್ತದೆ ಎಂಬುದು ಅವನು ಕೆಲಸಕ್ಕೆ ಸೇರಿದ ದಿನದಿಂದ ನಂಬಿಕೊಂಡು ಬಂದ ಮಾತು. ಕೂತು, ಚಂದವಾಗಿ, ಪೂರ್ತಿ ಬರೆದ. ಬರೆದು ಕಳಿಸಿದ ಮೇಲೆ ಹೆದರಿಕೆ ಹುಟ್ಟಿ ಅಪ್ಪನ ವಿವರಣೆಯನ್ನು ಕಡತದಿಂದ ಕಿತ್ತ. ತನ್ನ ಆಕ್ಷೇಪಣೆಯನ್ನು ವಾಪಸ್ ಕೊಡಿ ಎಂದು ಮೇಡಂ ಹತ್ತಿರವೂ ಹೋದನಂತೆ. ಟಪಾಲು ಸಂಖ್ಯೆ ಬಿದ್ದಿದೆ ಸಾರ್, ವಾಪಸ್ ಕೊಡೋಕೆ ಬರಲ್ಲ ಎಂದು ಅವರು ಅಂದರಂತೆ. ಇದನ್ನು ಆಮೇಲೆ ಗುಮಾಸ್ತನೇ ಜೆರಾಕ್ಸ್ ಅಂಗಡಿಯಲ್ಲಿ ನಗುನಗುತ್ತಾ ಹೇಳಿದ್ದು.

ಪ್ರತಿ ಕೈಗೆ ಬಂದ ದಿನ ಕಡ್ಡಿ ಅದನ್ನು ವ್ಯಾನಿನ ಸ್ಟೀರಿಂಗ್ ಮೇಲಿಟ್ಟುಕೊಂಡು ಓದಿದಳು.

"ಸದರಿ ಕಡತದಲ್ಲಿರುವ ನೀರುಗಂಟಿಯ ವಿವರಣೆಯಲ್ಲಿ, ಘಟನೆಯ ದಿನ ಬೆಳಗ್ಗೆ ನಾನು ದೂರವಾಣಿಯಲ್ಲಿ ನೀಡಿದ ಮೌಖಿಕ ಸೂಚನೆಯ ಪ್ರಸ್ತಾಪವಿರುತ್ತದೆ. ಪೈಪು ತೊಳೆಯುವ ಮುನ್ನವೇ ನೀರು ಬಿಡುವಂತೆ ನಾನು ಸೂಚಿಸಿದ್ದು ಸಾರ್ವಜನಿಕರ ಒತ್ತಡದ ಸಂದರ್ಭದಲ್ಲಾಗಿದ್ದು, ಇದು ಆಂತರಿಕ ವಿಷಯವಾಗಿರುತ್ತದೆ. ಇದನ್ನು ಬಹಿರಂಗಪಡಿಸಿದಲ್ಲಿ ನನ್ನ ಘನತೆಗೂ ಬಡ್ತಿಗೂ ಧಕ್ಕೆಯಾಗುವುದರಿಂದ, ಮಾಹಿತಿ ನೀಡಬಾರದೆಂದು ಕೋರುತ್ತೇನೆ." ಕೆಳಗೆ ಸಹಿ. ಹೆಸರು. ಹುದ್ದೆ. ಮೊಹರು.

ಎರಡನೇ ಸಲ ಓದಿದಳು. ಮೂರನೇ ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಖಾಲಿ ವ್ಯಾನಿನಲ್ಲಿ ಒಬ್ಬಳೇ ಕೂತು ನಗತೊಡಗಿದಳು. ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು, ಅದೂ ನಿಲ್ಲಲಿಲ್ಲ. ಜೆರಾಕ್ಸ್ ಅಣ್ಣ ಅಂಗಡಿಯಿಂದ ಓಡಿ ಬಂದು, ಏನಾಯ್ತು ತಂಗಿ ಅಂದ.

"ಪ್ರತಿ ಮಾಡಿ ಅಣ್ಣ. ನಿಮ್ಮ ಮಿಷನ್ನು ಬಿಸಿಯಾಗೋವರೆಗೂ ಮಾಡಿ."

ಅವಳು ಇನ್ನೂ ವ್ಯಾನು ಹೊರಡಿಸಿರಲಿಲ್ಲ, ಇಂಜಿನಿಯರ್ ಬಂದ. ಈ ಸಲ ಕೈಯಲ್ಲಿ ಟೀ ಇರಲಿಲ್ಲ. ಕಿಟಕಿಯ ಅಂಚು ಹಿಡಿದುಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ನೋಡಮ್ಮ, ನಾನೂ ಮಕ್ಕಳೊಂದಿಗ. ಅದೇನೋ ಅವಸರದಲ್ಲಿ ಬರೆದದ್ದು. ನಿಮ್ಮಪ್ಪ ಒಳ್ಳೆಯ ಮನುಷ್ಯ, ನಾನು ಇಲ್ಲ ಅಂತೀನಾ? ನಿಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಹೇಳ್ತೀನಿ, ತಪ್ಪಾಯ್ತು ಅಂತ. ಆ ಪ್ರತಿ ಮಾತ್ರ ಯಾರಿಗೂ ತೋರಿಸಬೇಡ."

"ನಾನು ತೋರಿಸೋದು ಬಿಡಿ ಸಾರ್. ಒಂದು ಅರ್ಜಿ ಹಾಕಿದ್ರೆ ಯಾರಿಗೆ ಬೇಕಾದ್ರೂ ಸಿಗುತ್ತೆ. ಯಾಕೆ ಅಂತ ಅವರನ್ನ ಯಾರೂ ಕೇಳೋ ಹಾಗಿಲ್ಲ."

"ನನ್ನ ಮನೆ ಹಾಳಾಗುತ್ತಮ್ಮ."

"ಕೈ ತೆಗೀರಿ. ಗ್ಲಾಸ್ ಏರಿಸಬೇಕು."

ಅವನು ಕೈ ತೆಗೆದ. ಆ ಗಾಜು ಮೇಲೇರುವಾಗ ಅದರ ಹಿಂದೆ ಅವನ ಮುಖ ಹೇಗಿತ್ತೆಂಬುದನ್ನು ಕಡ್ಡಿ ಬಹಳ ದಿನ ಮತ್ತೆ ಮತ್ತೆ ನೆನಪಿಸಿಕೊಂಡು ಸುಖಪಟ್ಟಳು.

ಮುಂದಿನದು ಬೇಗ ಬೇಗ ಆಯಿತು. ಒಂದು ಪ್ರತಿ ಅವನ ಮೇಲಧಿಕಾರಿಗೆ ಹೋಯಿತು, ಒಂದು ಅವರ ಮೇಲಿನವರಿಗೆ. ಹಿಂದೆ ಅಪ್ಪನ ಚಿತ್ರ ಹಾಕಿದ್ದ ಪತ್ರಿಕೆ ಈಗ ಅದೇ ಪುಟದಲ್ಲಿ ಅವನ ಚಿತ್ರ ಹಾಕಿತು. ಬಡ್ತಿ ಪಟ್ಟಿಯಿಂದ ಅವನ ಹೆಸರು ಬಿತ್ತು, ಹಿಂದೆಯೇ ಅಮಾನತಿನ ಆದೇಶ ಬಂತು. ಅವನು ತನ್ನ ಮೇಜಿನ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು, ಬಾಲ ಮುದುರಿಕೊಂಡು ಮೆಟ್ಟಿಲಿಳಿಯುವಾಗ ಕಡ್ಡಿ ಎದುರಿನ ಅಂಗಡಿಯ ಬೆಂಚಿನ ಮೇಲೆ ಟೀ ಕುಡಿಯುತ್ತಾ ಕೂತಿದ್ದಳು. ಅದಕ್ಕೆಂದೇ ಬಂದಿದ್ದಳು.

ಹೊಟ್ಟೆ ತಣ್ಣಗಾಯಿತು. ಪೂರ್ತಿ ಅಲ್ಲ. ಮೂಲೆಮನೆ ಬಾಕಿ ಇತ್ತು.

"ಬಾ ಅಮ್ಮ, ಹೋಗೋಣ," ಅಂದಳು ಒಂದು ಮಧ್ಯಾಹ್ನ. "ಅವಳು ಓದಬೇಕು. ಓದಿ ನಿನ್ನ ಮುಂದೆ ತಪ್ಪಾಯ್ತು ಅನ್ನಬೇಕು. ಅಪ್ಪ ನಿಂತಿದ್ದ ಜಾಗದಲ್ಲೇ ನಿಂತು ಅನ್ನಿಸ್ತೀನಿ."

"ಬೇಡ ಕಣೇ. ಮಗು ಕಳಕೊಂಡವಳು."

"ನಾನು ಅಪ್ಪನ್ನ ಕಳಕೊಂಡವಳು."

ಅಮ್ಮ ಮತ್ತೆ ಬೇಡ ಅನ್ನಲಿಲ್ಲ. ಸೀರೆ ಬದಲಾಯಿಸಿ ಬಂದರು. ಇವಳೊಬ್ಬಳನ್ನೇ ಕಳಿಸಿದರೆ ಏನು ಮಾಡಿ ಬರುತ್ತಾಳೋ ಎಂಬ ಭಯವೂ ಅದರಲ್ಲಿ ಇತ್ತು.

ಹಿಂದಿನ ಬೀದಿಗೆ ಕಡ್ಡಿ ವ್ಯಾನು ತಂದದ್ದು ಇದೇ ಮೊದಲು. ಆ ಬೀದಿಯ ಮಕ್ಕಳನ್ನು ಅವಳು ಹತ್ತಿಸಿಕೊಳ್ಳುತ್ತಿರಲಿಲ್ಲ. ಕೇಳಿದವರಿಗೆ ಸೀಟಿಲ್ಲ ಅನ್ನುತ್ತಿದ್ದಳು. ಮೂಲೆಮನೆಯ ಬಾಗಿಲು ತೆರೆದಿತ್ತು. ಒಳಗೆ ಆ ಹೆಂಗಸು ಕಿಟಕಿಯ ಬೆಳಕಿಗೆ ಕೂತು ಸೀರೆಗಳಿಗೆ ಅಂಚು ಹೊಲಿಯುತ್ತಿದ್ದಳು. ಅವಳ ವಯಸ್ಸು ಕಡ್ಡಿ ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ. ಇಬ್ಬರನ್ನೂ ನೋಡಿದ ಕೂಡಲೇ ಯಾರೆಂದು ಗುರುತು ಹಿಡಿದಳು. ಏಳಲಿಲ್ಲ, ಬನ್ನಿ ಅನ್ನಲಿಲ್ಲ.

ಕಡ್ಡಿ ಹೊಸ್ತಿಲಲ್ಲಿ ನಿಂತು ಪ್ರತಿಯನ್ನು ಚಾಚಿದಳು.

"ಓದಿ. ನೀರು ಬಿಡು ಅಂತ ಹೇಳಿದ್ದು ಯಾರು ಅಂತ ಇದರಲ್ಲಿದೆ. ಅವನೇ ಸಹಿ ಹಾಕಿ ಬರೆದಿದ್ದಾನೆ. ಓದಿ, ಆಮೇಲೆ ನಮ್ಮಮ್ಮನಿಗೆ ಏನು ಹೇಳಬೇಕೋ ಹೇಳಿ."

ಆ ಹೆಂಗಸು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಹಾಳೆ ತಗೊಂಡು ಓದಿದಳು. ಬಹಳ ಹೊತ್ತು ಓದಿದಳು. ಕಡ್ಡಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು, ಆ ತಲೆ ಯಾವಾಗ ತಗ್ಗುತ್ತದೆ ಎಂದು. ತಗ್ಗಲಿಲ್ಲ. ಮೇಲೆತ್ತಿ ನೇರವಾಗಿ ನೋಡಿದಳು.

"ಬಿಡು ಅಂದದ್ದು ಇವನು. ಸರಿ. ತಿರುಗಿಸಿದ ಕೈ ಯಾರದು?"

ಕಡ್ಡಿ ಬಾಯಿ ತೆರೆದಳು. ಮಾತಿಗೆ ಮಾತು ಕೊಡುವುದರಲ್ಲಿ ಎಂದೂ ಸೋಲದವಳು, ಅಪ್ಪ ಬಡ ನೌಕರ, ಮೇಲಿನವರು ಹೇಳಿದರೆ ಏನು ಮಾಡ್ತಾರೆ ಎಂದು ಅನ್ನಬೇಕೆಂದಿದ್ದಳು. ಉತ್ತರ ಹೇಳಿದ್ದು ಅಮ್ಮ.

"ನನ್ನ ಗಂಡಂದು," ಅಂದರು. "ಬೇಡ ಅಂತ ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ತಿರುಗಿಸಿದರು. ಆಮೇಲೆ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಅದನ್ನ ಹೇಳೋಕೇ ಅವತ್ತು ನಿಮ್ಮ ಬಾಗಿಲಿಗೆ ಬಂದಿದ್ದರು."

"ಅಮ್ಮ!" ಅಂದಳು ಕಡ್ಡಿ.

"ನೀನು ಸುಮ್ನಿರು."

ಆ ಹೆಂಗಸು ಅಮ್ಮನನ್ನೇ ನೋಡಿದಳು.

"ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಮುಂದೆ ಬಂದು ನಮ್ಮದು ಅಂತ ಅನ್ನಲಿಲ್ಲ," ಅಂದಳು. ಎದ್ದು, ಹೊಲಿಯುತ್ತಿದ್ದ ಸೀರೆಯನ್ನು ಪಕ್ಕಕ್ಕೆ ಸರಿಸಿ, ಜಾಗ ಮಾಡಿದಳು. "ಕೂತ್ಕೊಳ್ಳಮ್ಮ."

ಅಮ್ಮ ಕೂತರು. ಕಡ್ಡಿ ನಿಂತೇ ಇದ್ದಳು. ತಾನು ಮನಸ್ಸಿನಲ್ಲಿ ನೂರು ಸಲ ಆಡಿ ನೋಡಿದ್ದ ಈ ಗಳಿಗೆ ಇವರಿಬ್ಬರ ಕೈಗೆ ಹೋಗಿಬಿಟ್ಟಿತ್ತು. ಸಿಟ್ಟು ಬಂತು, ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

ಹೆಂಗಸು ಹಾಳೆಯನ್ನು ಇನ್ನೊಮ್ಮೆ ತಿರುಗಿಸಿ, ಹಿಂಬದಿಯನ್ನೂ ನೋಡಿದಳು.

"ನನ್ನ ಮಗಳ ಹೆಸರು ಇದರಲ್ಲಿ ಎಲ್ಲೂ ಇಲ್ಲ."

"ಅದು..." ಕಡ್ಡಿ ತಡವರಿಸಿದಳು.

"ನೀನು ಇಷ್ಟೊಂದು ಅರ್ಜಿ ಹಾಕಿದ್ದೀಯಂತಲ್ಲ, ಊರೆಲ್ಲ ಹೇಳ್ತಾರೆ. ಜೀಪು, ನಲ್ಲಿ, ಬಡ್ತಿ ಎಲ್ಲಾ ಕೇಳಿದ್ದೀಯಂತೆ. ಯಾವುದರಲ್ಲಾದರೂ ಅವಳ ಬಗ್ಗೆ ಕೇಳಿದ್ದೀಯಾ?"

ಕೇಳಿರಲಿಲ್ಲ. ಅಷ್ಟೇ ಅಲ್ಲ, ಆ ಮಗುವಿನ ಹೆಸರೇನೆಂದು ಕಡ್ಡಿಗೆ ಗೊತ್ತೂ ಇರಲಿಲ್ಲ. ಅಪ್ಪನಿಗೆ ಬಿದ್ದ ಚಪ್ಪಲಿಯ ಬಣ್ಣ ಯಾವುದೆಂದು ನೋಡಿದವರಿಂದ ಕೇಳಿ ತಿಳಿದಿದ್ದಳು, ಯಾವ ಕಾಲಿನದು ಎಂಬುದನ್ನೂ ತಿಳಿದಿದ್ದಳು. ಮಗುವಿನ ಹೆಸರನ್ನು ಒಂದು ದಿನವೂ ಕೇಳಿ ತಿಳಿದುಕೊಂಡಿರಲಿಲ್ಲ.

"ಪೆನ್ನು ಇದೆಯಾ?" ಹೆಂಗಸು ಕೇಳಿದಳು. "ನನಗೆ ಬರೆದುಕೊಡು. ಅವನು ಮನೆಗೆ ಹೋದರೆ ನಿನಗೆ ಸಾಕಾಗಬಹುದು, ನನಗೆ ಸಾಲದು. ಅವನು ಜೈಲಿಗೆ ಹೋಗಬೇಕು. ಅವನ ಮೇಲೆ ಒತ್ತಡ ಹಾಕಿದವರು ಯಾರು ಅಂತಾನೂ ಬೇಕು. ಪೈಪು ಒಡೆದವನಿಂದ ಹಿಡಿದು ಒಬ್ಬೊಬ್ಬರದೂ ಬೇಕು."

ಇಷ್ಟು ದಿನ ತಾನು ಸೇಡು ಸೇಡು ಎಂದು ಹೊತ್ತುಕೊಂಡು ತಿರುಗಿದ್ದು ಈ ದನಿಯ ಮುಂದೆ ಎಷ್ಟು ಚಿಕ್ಕದು ಎಂದು ಕಡ್ಡಿಗೆ ಅನ್ನಿಸಿತು. ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ಚೀಲದಿಂದ ಬಿಳಿ ಹಾಳೆ ತೆಗೆದಳು.

"ಹೇಳಿ ಅಕ್ಕ."

"ಮೊದಲು ಅವಳ ಹೆಸರು ಬರಿ," ಅಂದು ಹೆಂಗಸು ಹೆಸರು ಹೇಳಿದಳು. ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಅವಳು ದನಿ ಸರಿಮಾಡಿಕೊಂಡು ಮುಂದುವರಿಸಿದಳು. "ಇವಳ ಸಾವಿನ ಬಗ್ಗೆ ನಿಮ್ಮ ಕಚೇರಿಯಲ್ಲಿರೋ ಎಲ್ಲಾ ಕಾಗದ ಕೊಡಿ. ಆ ದಿನ ನೀರು ಬಿಡು ಅಂದವರ ಹೆಸರು ಇರೋದು, ನೀರು ಬಿಟ್ಟವರ ಹೆಸರು ಇರೋದು, ಎರಡೂ."

ಕಡ್ಡಿ ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. "ಬಿಡು ಅಂದವರು" ಎಂಬಲ್ಲಿ ಇಂಜಿನಿಯರನ ಪೂರ್ತಿ ಹೆಸರು, ಹುದ್ದೆ, ಒಂದು ಅಕ್ಷರ ಬಿಡದೆ ಬರೆದಳು. "ಬಿಟ್ಟವರು" ಎಂದು ಬರೆದು ಪೆನ್ನು ನಿಲ್ಲಿಸಿದಳು. ಅಮ್ಮನ ಕಡೆ ನೋಡಿದಳು.

"ಬರಿ," ಅಮ್ಮ ಅಂದರು.

ಕಡ್ಡಿ ಅಪ್ಪನ ಹೆಸರು ಬರೆದಳು.